ಹೊಸ ಡಿಸ್ಕ್ ಏಳದಿದ್ದರೆ ಫಾರ್ಮ್ಯಾಟ್‌ಗೆ ಅವಸರ ಬೇಡ

ನಮ್ಮ ಮನೆ ಲ್ಯಾಪ್‌ಟಾಪ್ ಕಳೆದ ಮಳೆಗಾಲದಲ್ಲಿ ಕೈಕೊಡಲು ಶುರು ಮಾಡಿತು. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು. ಅದರಲ್ಲಿದ್ದದ್ದು ಹನ್ನೊಂದು ವರ್ಷದ ಲೆಕ್ಕ. ಮಳೆಮಾಪಕದ ದಿನದಿನದ ಅಂಕಿ, ಯಾವ ತುಂಡಿನಲ್ಲಿ ಎಷ್ಟು ಹಸಿ ಅಡಿಕೆ, ಚೇಣಿ ಕೊಟ್ಟ ವರ್ಷ ಎಷ್ಟು ಬಂತು, ನಾವೇ ಕೊಯ್ಸಿದ ವರ್ಷ ಎಷ್ಟು ಉಳೀತು, ಬೋರಿನ ಮೋಟರ್ ಎತ್ತಿಸಿದ ಖರ್ಚು, ಎಲ್ಲ ಅಲ್ಲೇ. ಬೇರೆಲ್ಲೂ ಬರೆದಿಟ್ಟಿಲ್ಲ. ಇದು ನನ್ನದೇ ತಪ್ಪು.

ಪೇಟೆಯಲ್ಲಿ ರಿಪೇರಿಗೆ ಕೊಟ್ಟೆ. ಹಳೇ 500 ಜಿಬಿ ಡಿಸ್ಕ್‌ನಲ್ಲಿದ್ದದ್ದನ್ನು ಹೊಸ 256 ಜಿಬಿ ಎಸ್‌ಎಸ್‌ಡಿಗೆ ಯಥಾವತ್ತಾಗಿ ಇಳಿಸಿ ಕೊಡುತ್ತೇವೆ ಅಂದರು. ಇದಕ್ಕೆ ಕ್ಲೋನ್ ಅನ್ನುತ್ತಾರೆ. ಎರಡು ದಿನ ಬಿಟ್ಟು ಹೋದರೆ, ಹೊಸ ಡಿಸ್ಕ್ ಹಾಕಿದಾಗ ಕಪ್ಪು ಪರದೆ ಮೇಲೆ ಒಂದೇ ಸಾಲು: ‘ನೋ ಬೂಟಬಲ್ ಡಿವೈಸ್’. ಹಳೇ ಡಿಸ್ಕ್ ನಕಲು ಮುಗಿಯುವ ಹೊತ್ತಿಗೆ ಪೂರಾ ನಿಂತುಹೋಗಿತ್ತು. ‘ನಕಲು ಕೆಟ್ಟಿದೆ ಸಾರ್, ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕೋಣ’ ಎಂದರು. ಹೂಂ ಅನ್ನಲು ಬಾಯಿ ತೆರೆದಿದ್ದೆ. ಯಾಕೋ ಬೇಡ ಅನ್ನಿಸಿ ವಾಪಸು ತಂದೆ.

ನಕಲು ಕೆಟ್ಟಿರಲಿಲ್ಲ. ಏನಾಗಿತ್ತು ಅಂತ ತಿಳಿಯಲು ನಮ್ಮ ಸೂಳೆಕೆರೆಯನ್ನೇ ನೆನೆಸಿಕೊಳ್ಳಿ. ಕೆರೆ ತುಂಬಿದ್ದರೂ ಸಿದ್ದ ನಾಲೆ, ಬಸವ ನಾಲೆಗೆ ತೂಬಿನಿಂದ ನೀರು ಬಿಡದಿದ್ದರೆ ಗದ್ದೆಗೆ ಹನಿ ಬರುವುದಿಲ್ಲ. ಡಿಸ್ಕ್‌ನಲ್ಲೂ ಹಾಗೇ. ನಮ್ಮ ಫೈಲು, ವಿಂಡೋಸ್ ಎಲ್ಲ ಇರುವುದು ಸಿ ಡ್ರೈವ್‌ನಲ್ಲಿ, ಅದು ಕೆರೆ. ಅದರ ಪಕ್ಕದಲ್ಲಿ ಸುಮಾರು 100 ಎಂಬಿಯ ಪುಟ್ಟ ಭಾಗ ಒಂದಿರುತ್ತದೆ, ಹೆಸರು ಇಎಫ್‌ಐ. ನಮ್ಮ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟಿರುತ್ತಾರೆ. ಅದು ತೂಬು. ಬಟನ್ ಒತ್ತಿದಾಗ ಲ್ಯಾಪ್‌ಟಾಪ್ ಮೊದಲು ಹುಡುಕುವುದು ಸಿ ಡ್ರೈವನ್ನಲ್ಲ, ಈ ತೂಬನ್ನು. ವಿಂಡೋಸ್ ಇಂಥಲ್ಲಿದೆ ಅಂತ ದಾರಿ ತೋರಿಸುವುದು ಅದೇ. ದೊಡ್ಡ ಡಿಸ್ಕ್‌ನಿಂದ ಚಿಕ್ಕದಕ್ಕೆ ಇಳಿಸುವಾಗ ಜಾಗ ಸಾಲದೆಂದು ಸಿ ಡ್ರೈವ್ ಒಂದನ್ನೇ ಆರಿಸಿ ನಕಲು ಮಾಡಿದ್ದರು. ತೂಬು ಹಳೇ ಡಿಸ್ಕ್‌ನಲ್ಲೇ ಉಳಿದುಬಿಟ್ಟಿತ್ತು.

ಇದನ್ನು ಕಂಡುಹಿಡಿದವನು ರಜೆಗೆ ಬಂದಿದ್ದ ಅಕ್ಕನ ಮಗ. ಹೊಸ ಡಿಸ್ಕನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಚುಚ್ಚಿದ. ಲೆಕ್ಕದ ಫೈಲುಗಳು ಸಾಲಾಗಿ ಕಂಡವು. ಹೋದ ಜೀವ ಬಂದಂತಾಯಿತು. ಮೊದಲು ಅವನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು, ದುರಸ್ತಿಯ ಮಾತು ಆಮೇಲೆ. ಹೀಗೆ ಚುಚ್ಚಿದಾಗ ‘ಫಾರ್ಮ್ಯಾಟ್ ಮಾಡಲೇ?’ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ.

ಇನ್ನು ದುರಸ್ತಿ. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನಿಂದ ಪುಕ್ಕಟೆ ಸಿಗುವ ವಿಂಡೋಸ್ ಪ್ರತಿ ಹಾಕಿಕೊಂಡು ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಬೇಕು. ‘ಇನ್‌ಸ್ಟಾಲ್’ ಮುಟ್ಟಬಾರದು. ಅಲ್ಲೇ ‘ರಿಪೇರ್’ ಎಂದಿರುತ್ತದೆ, ಅದರೊಳಗೆ ಕಮಾಂಡ್ ಪ್ರಾಂಪ್ಟ್. ಅಲ್ಲಿ ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಿಂದ ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ 200 ಎಂಬಿ ಜಾಗ ಬಿಡಿಸಿದ. ಆ ಜಾಗವನ್ನು ಇಎಫ್‌ಐ ಭಾಗ ಮಾಡಿ ಫ್ಯಾಟ್32 ಪದ್ಧತಿಯಲ್ಲಿ ಅಣಿ ಮಾಡಿದ. ಆಮೇಲೆ ಬಿಸಿಡಿಬೂಟ್ ಎಂಬ ಒಂದೇ ಆಜ್ಞೆ. ದಾರಿ ತೋರಿಸುವ ಫೈಲುಗಳನ್ನು ಅದು ತಾನೇ ಬರೆಯಿತು. ನೆನಪಿಡಿ, ಆ ಪರದೆಯಲ್ಲಿ ನಮ್ಮ ಸಿ ಡ್ರೈವ್ ಡಿ ಅಥವಾ ಇ ಅಂತ ತೋರಬಹುದು. ಒಳಗೆ ವಿಂಡೋಸ್ ಫೋಲ್ಡರ್ ಇದೆಯಾ ನೋಡಿಕೊಂಡೇ ಮುಂದುವರಿಯಬೇಕು. ತಪ್ಪು ಭಾಗಕ್ಕೆ ಕೈ ಹಾಕಿದರೆ ಇರುವುದೂ ಹೋದೀತು. ನನ್ನಂಥವರು ಒಬ್ಬರೇ ಮಾಡುವ ಕೆಲಸವಲ್ಲ ಇದು. ಆದರೆ ಈ ಎರಡು ಹೆಸರು ಗೊತ್ತಿದ್ದರೆ ಅಂಗಡಿಯಲ್ಲಿ ಕೇಳಬಹುದು.

ಈ ಕತೆ ಹೇಳಿದ್ದಕ್ಕೆ ಬೇರೆ ಕಡೆಯವರ ಕತೆಗಳೂ ಬಂದವು. ಹೊನ್ನಾಳಿಯ ಗೆಳೆಯರೊಬ್ಬರು ಹೊಸ ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲೇ ಇಟ್ಟು ಎಬ್ಬಿಸಲು ನೋಡಿದ್ದರು. ನೀಲಿ ಪರದೆ ಬಂತು. ಮಾಮೂಲಿ ವಿಂಡೋಸ್ ಹಾಗೆ ಹೊರಗಿನಿಂದ ಏಳುವುದಿಲ್ಲ. ಹಳೇದನ್ನು ಬಿಚ್ಚಿ ಅದರ ಜಾಗದಲ್ಲೇ ಕೂರಿಸಿದ ಮೇಲೆ ಸರಿಹೋಯಿತು.

ನ್ಯಾಮತಿಯದು ಸ್ವಲ್ಪ ವಿಚಿತ್ರ. ಅದು ವಿಂಡೋಸ್ 7ರ ಕಾಲದ ಯಂತ್ರ. ಆಗಿನ ಪದ್ಧತಿಯಲ್ಲಿ ತೂಬು ಇರುವುದು ಡಿಸ್ಕ್‌ನ ಮೊದಲ 512 ಬೈಟ್‌ನಲ್ಲಿ. ಇದಕ್ಕೆ ಎಂಬಿಆರ್ ಅನ್ನುತ್ತಾರೆ. ನಕಲು ಸರಿಯಾಗೇ ಆಗಿತ್ತು. ಆದರೆ ಡಿಸ್ಕ್ ಬದಲಿಸಲು ಬ್ಯಾಟರಿ ಬಿಚ್ಚಿದಾಗ ಒಳಗಿನ ಬಿಲ್ಲೆಸೆಲ್ ಸತ್ತಿದ್ದರಿಂದ ಯಂತ್ರ ತನ್ನ ಸೆಟ್ಟಿಂಗ್ ಮರೆತು, ಹೊಸ ಪದ್ಧತಿಯಾದ ಯುಇಎಫ್‌ಐಗೆ ತಿರುಗಿತ್ತು. ಬಯಾಸ್‌ಗೆ ಹೋಗಿ ‘ಲೆಗಸಿ’ ಎಂದು ಬದಲಿಸಿ, ಸೆಲ್ ಹೊಸದು ಹಾಕಿದರು. ಬಯಾಸ್‌ಗೆ ಹೋಗಲು ಬಟನ್ ಒತ್ತಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಿರಬೇಕು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಲೆಗಸಿ ಇರುವುದೇ ಇಲ್ಲ.

ಜಗಳೂರಿನವರಿಗೆ ತೂಬೂ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಹೊಸ ಡಿಸ್ಕ್ ಎದ್ದು 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿತು. ಇವರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಕೊಂಡ ಹೊಸದರಲ್ಲಿ ಮಗಳು ತನ್ನ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದಳು. ಕೀಲಿ ಆ ಖಾತೆಯಲ್ಲೇ ಸಿಕ್ಕಿತು. ಕೀಲಿ ಕಳೆದರೆ ಅಂಥ ಡಿಸ್ಕನ್ನು ಮೈಕ್ರೋಸಾಫ್ಟ್‌ನವರೂ ತೆರೆಯಲಾರರು. ಹಾಗಾಗಿ ನಕಲಿಗೆ ಕೊಡುವ ಮೊದಲೇ ಕೀಲಿ ಬರೆದುಕೊಳ್ಳಿ. ಇಲ್ಲವೇ ಬೀಗ ತೆಗೆಸಿಯೇ ಕೊಡಿ.

ನಕಲು ಮಾಡಿಸುವವರು ‘ಇಡೀ ಡಿಸ್ಕ್ ಮಾಡಿ, ಸಿ ಒಂದೇ ಬೇಡ’ ಎಂದು ಮೊದಲೇ ಹೇಳಿ. ತುಂಬಿರುವ ಜಾಗ ಹೊಸ ಡಿಸ್ಕ್‌ಗಿಂತ ಕಡಿಮೆ ಇದ್ದರೆ ದೊಡ್ಡದರಿಂದ ಚಿಕ್ಕದಕ್ಕೂ ಹೆಚ್ಚಿನ ಸಾಫ್ಟ್‌ವೇರ್‌ಗಳು ಇಳಿಸುತ್ತವೆ. ಮೊದಲ ಸಲ ಎಬ್ಬಿಸುವಾಗ ಹಳೇದನ್ನು ಬಿಚ್ಚಿಡಿ. ಎರಡರ ಗುರುತೂ ಒಂದೇ ಆಗಿದ್ದರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಹಳೇ ಡಿಸ್ಕನ್ನು ಒಂದೆರಡು ತಿಂಗಳಾದರೂ ಯಾರಿಗೂ ಕೊಡಬೇಡಿ.

ನಮ್ಮಲ್ಲಿ ಅಮಾವಾಸ್ಯೆ ದಿನ ಆರು ಕಟ್ಟುವುದಿಲ್ಲ. ಈಗ ಆ ದಿನ ಬೆಳಿಗ್ಗೆ ಮಳೆ ಲೆಕ್ಕ, ಅಡಿಕೆ ಲೆಕ್ಕ ಎರಡನ್ನೂ ಪೆನ್‌ಡ್ರೈವ್‌ಗೆ ಇಳಿಸಿ ಅಕ್ಕನ ಮನೆಯಲ್ಲಿಡುತ್ತೇನೆ.