ಹೊಟ್ಟಿಗೂ ದರ ಬಂತು

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಹಿಲ್ಮಾರ್ ಗುಂತರ್ ಎಂಬಾತ 1859ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ, ನದಿಯ ದಂಡೆಗೆ ಹಿಟ್ಟಿನ ಗಿರಣಿ ಹಾಕಿದ. ಮುಂದೆ ಅದು ‘ಪಯೋನಿಯರ್’ ಹೆಸರಿನಲ್ಲಿ ಮನೆಮಾತಾಯಿತು. 1860ರಲ್ಲಿ ಆತ ಗಿರಣಿಯ ಪಕ್ಕದಲ್ಲೇ ಕಟ್ಟಿಸಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಅಲ್ಲೇ ಹೋಟೆಲೂ ಇದೆ. ರಾಯಚೂರು ಸೀಮೆಯಲ್ಲಿ ಗಿರಣಿಯ ಮರುಬಳಕೆ ಅಂದರೆ ಏನೆಂದು ನೋಡಬೇಕಾದರೆ ಮಾತ್ರ ಅಕ್ಕಿ ಗಿರಣಿಯ ಹಿತ್ತಲಿಗೆ ಹೋಗಬೇಕು. ಅಲ್ಲಿ ಗುಡ್ಡೆಯಾಗಿ ಬಿದ್ದಿರುವುದು ನೆಲ್ಲಿನ ಹೊಟ್ಟು.

ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಎರೆಭೂಮಿ ಮೂಲತಃ ಜೋಳ, ಹತ್ತಿ, ಶೇಂಗಾದ ನೆಲ. 1871ರಲ್ಲಿ ಮುಂಬಯಿ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಲ್ಲಿ ಕೂಡಿಕೊಂಡವು. ಊರು ವ್ಯಾಪಾರದ ಪೇಟೆಯಾಗಿ ಬೆಳೆಯಿತು. ಅಕ್ಕಿಯ ಕಾಲ ಶುರುವಾದದ್ದು ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿದ ಮೇಲೆ. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನವರೆಗೆ ಬರುತ್ತದೆ. ಆಂಧ್ರದಿಂದ ಬಂದ ರೈತರು ಕಾಲುವೆಯ ಬದಿಯಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ನಾಟಿ ಮಾಡಿದರು. ದೇವದುರ್ಗಕ್ಕೆ ನೀರು ಬಂದದ್ದು ಬಹಳ ತಡವಾಗಿ, ಅದೂ ಕೃಷ್ಣೆಯಿಂದ, ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ.

ಮೊದಮೊದಲು ನೆಲ್ಲು ಬಿಡಿಸಿದ್ದು ಹಲ್ಲರ್. ಹಲ್ಲುಗಳಿರುವ ಕಬ್ಬಿಣದ ಉರುಳೆ, ಕೆಳಗೆ ಜರಡಿ, ಅಷ್ಟೇ. ಆದರೆ ಅದು ಬಲು ಒರಟು ಯಂತ್ರ. ಸಿಪ್ಪೆ ಸುಲಿಯುವುದು, ಪಾಲಿಶ್ ಮಾಡುವುದು ಎರಡನ್ನೂ ಒಂದೇ ಏಟಿಗೆ ಮುಗಿಸುವ ಅವಸರದಲ್ಲಿ ಅಕ್ಕಿಯನ್ನು ನುಚ್ಚು ಮಾಡುತ್ತಿತ್ತು. ಹೊಟ್ಟು, ತೌಡು ಕಲೆತು ಹೊರಬೀಳುತ್ತಿದ್ದವು. ಅಂಥ ತೌಡಿನಿಂದ ಎಣ್ಣೆ ತೆಗೆಯುವುದು ಲಾಭದ ಮಾತಲ್ಲ. 1958ರ ಅಕ್ಕಿ ಗಿರಣಿ ನಿಯಂತ್ರಣ ಕಾಯ್ದೆಗೆ ಇನ್ನೊಂದೇ ಚಿಂತೆ: ಗಿರಣಿ ಹೆಚ್ಚಿದರೆ ಒನಕೆಯಲ್ಲಿ ಕುಟ್ಟುವವರ ಗತಿಯೇನು? ಹೊಸ ಗಿರಣಿ ಹಾಕಲು ಸರ್ಕಾರದ ಪರವಾನಗಿ ಬೇಕಾಯಿತು.

ಎಲ್ಲವನ್ನೂ ಬದಲಿಸಿದ್ದು ರಬ್ಬರ್ ರೋಲ್. ಎರಡು ರಬ್ಬರ್ ಉರುಳೆಗಳು ಎದುರುಬದಿರಾಗಿ, ಒಂದು ಜೋರಾಗಿ ಇನ್ನೊಂದು ನಿಧಾನವಾಗಿ ತಿರುಗಿ, ಕಾಳು ಮುರಿಯದಂತೆ ಸಿಪ್ಪೆ ಜಾರಿಸುತ್ತವೆ. ಪಾಲಿಶ್ ಆಮೇಲಿನ ಕೆಲಸ, ಅದಕ್ಕೆ ಬೇರೆ ಯಂತ್ರ. ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿ ಊದಿ ಹಾರಿಸುವ ಸಾರ್ಟೆಕ್ಸ್ ಕೊನೆಗೆ ಬರುತ್ತದೆ. ಮೂಟೆಯ ಮೇಲೆ ಸೋನಾ ಮಸೂರಿಯ ಹೆಸರಿನ ಜೊತೆಗೆ ‘ಸಾರ್ಟೆಕ್ಸ್’ ಎಂದೂ ಅಚ್ಚಾಗಿರುವುದು ಇದೇ ಕಾರಣಕ್ಕೆ.

ಯಂತ್ರಗಳು ಬೇರೆಯಾದಂತೆ ಕಸವೂ ಬೇರೆಯಾಯಿತು, ಅಲ್ಲಿಂದ ಕಸ ಸರಕಾಯಿತು. ನೂರು ಕಿಲೊ ನೆಲ್ಲಿಗೆ ಸುಮಾರು 20 ಕಿಲೊ ಹೊಟ್ಟು ಬರುತ್ತದೆ. ಶುದ್ಧ ತೌಡಿನಲ್ಲಿ ಶೇಕಡಾ 15ರಿಂದ 20ರಷ್ಟು ಎಣ್ಣೆಯಿರುತ್ತದೆ. ಆದರೆ ಅದು ಬೇಗ ಕಮಟು ಹಿಡಿಯುವುದರಿಂದ ಎಣ್ಣೆ ಕಾರ್ಖಾನೆ ಹತ್ತಿರವಿರಬೇಕು. ಹೊಟ್ಟು ಕುಸುಬಲಕ್ಕಿ ಗಿರಣಿಯ ಬಾಯ್ಲರಿಗೆ ಉರುವಲು: ನೆಲ್ಲಿನ ಸಿಪ್ಪೆಯೇ ನೆಲ್ಲನ್ನು ಬೇಯಿಸುತ್ತದೆ! ಉಳಿದದ್ದು ಇಟ್ಟಿಗೆ ಭಟ್ಟಿಗೆ, ಕೋಳಿ ಫಾರಂಗೆ.

ಜೋಳದ ಹಿಟ್ಟಿನ ಗಿರಣಿಗೆ ಈ ಸಂಭ್ರಮ ಯಾವುದೂ ಇಲ್ಲ. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯುವಾಗ ಬಿರಿಯುತ್ತದೆ, ರುಚಿಯೂ ಕೆಡುತ್ತದೆ. ಹಾಗಾಗಿ ಗುಂತರನಂತೆ ಒಂದೇ ಕಡೆ ಬೀಸಿ ಊರೂರಿಗೆ ಕಳಿಸುವ ದಂಧೆ ಇಲ್ಲಿ ಸುಲಭವಲ್ಲ. ಓಣಿಯ ಸಣ್ಣ ಗಿರಣಿ ಉಳಿದಿರುವುದಕ್ಕೆ ರೊಟ್ಟಿಯೇ ಕಾರಣ ಎನ್ನಬಹುದು.

ಇನ್ನು ಬೂದಿಯ ವಿಷಯ. ಸುಟ್ಟ ಹೊಟ್ಟಿನಲ್ಲಿ ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ, ಅದರ ಬಹುಭಾಗ ಸಿಲಿಕಾ. ಹದವಾದ ಬಿಸಿಯಲ್ಲಿ, ಸುಮಾರು 600–700 ಡಿಗ್ರಿಯಲ್ಲಿ ಸುಟ್ಟರೆ ಸಿಮೆಂಟಿನ ಜೊತೆ ಬೆರೆಸಿ ಕಾಂಕ್ರೀಟಿನಲ್ಲಿ ಬಳಸಬಹುದು. ಉಕ್ಕಿನ ಕಾರ್ಖಾನೆಗಳು ಕರಗಿದ ಲೋಹದ ಶಾಖ ಹಿಡಿದಿಡಲು ಹೊಟ್ಟಿನ ಬೂದಿಯನ್ನು ಮೇಲೆ ಹರಡುತ್ತವೆ. ಹೇಗೆಂದರೆ ಹಾಗೆ ಉರಿಸಿದ ಬೂದಿ ಕಪ್ಪಾಗುತ್ತದೆ, ಬೆಲೆ ಇಳಿಯುತ್ತದೆ, ಗಾಳಿಗೆ ಹಾರಿ ನೆರೆಮನೆಯ ಬಟ್ಟೆಗೆ ಕೂರುತ್ತದೆ. ಮಾನ್ವಿಯಂಥ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟದ ವರ್ಷ ನೆಲ್ಲೂ ಕಡಿಮೆ, ಹೊಟ್ಟೂ ಕಡಿಮೆ. ಭಟ್ಟಿಯವನು ಬೇರೆ ಉರುವಲು ಹುಡುಕಬೇಕು.