ಆರಿಸಿಕೊಂಡ ಅಕ್ಕತಂಗಿಯರು

‘ಒಡಹುಟ್ಟು’ ಎಂಬುದು ನಮ್ಮ ಭಾಷೆಯ ಹಳೆಯ ಮಾತು. ಒಡನೆ ಹುಟ್ಟಿದವರು ಎಂಬುದೇ ಅದರ ಅರ್ಥ. ಅಕ್ಕನನ್ನಾಗಲಿ ತಂಗಿಯನ್ನಾಗಲಿ ಯಾರೂ ಆರಿಸಿಕೊಳ್ಳುವುದಿಲ್ಲ. ಅವರು ಇರುತ್ತಾರೆ, ಅಷ್ಟೆ. ಆದರೆ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಅಕ್ಕತಂಗಿಯರನ್ನು ಆರಿಸಿಕೊಳ್ಳುವ ಪದ್ಧತಿಯೊಂದು ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ‘ಸೊರಾರಿಟಿ’ ಎಂಬ ವಿದ್ಯಾರ್ಥಿನಿಯರ ಸಂಘಗಳಿಗೆ ಸದಸ್ಯೆಯರನ್ನು ಸೇರಿಸಿಕೊಳ್ಳುವ ಕ್ರಮವೇ ಅದು. ಜನರ ಬಾಯಲ್ಲಿ ಅದರ ಹೆಸರು ‘ರಷ್’, ಕಡತಗಳಲ್ಲಿ ‘ರಿಕ್ರೂಟ್‌ಮೆಂಟ್’.

ಸೊರಾರಿಟಿ ಎಂಬ ಪದದ ಮೂಲ ಲ್ಯಾಟಿನ್ನಿನ ‘ಸೊರೊರ್’. ಸಂಸ್ಕೃತದ ‘ಸ್ವಸೃ’ವೂ ಅದೂ ಒಂದೇ ಬೇರಿನವು. ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಸಂಘಕ್ಕೆ ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ಸೂಚಿಸಿದ ಪದ ಇದು. ಪದಕ್ಕಿಂತ ಸಂಸ್ಥೆ ಹಳೆಯದು. ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಳ್ಳುವ ಗಂಡಸರ ಸಂಘಗಳ ಪರಂಪರೆ 1776ರಲ್ಲಿ ವರ್ಜೀನಿಯಾದಲ್ಲಿ ಆರಂಭವಾಗಿತ್ತು. ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಊರಿನ ಕಾಲೇಜು 1867ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಟ್ಟಿತು. ಹಾಗೆ ಸೇರಿದವರಲ್ಲಿ ಬೆಟ್ಟಿ ಲಾಕ್ ಒಬ್ಬಳು. ಗಂಡಸರ ಸಂಘವೊಂದು ತನ್ನ ಬಿಲ್ಲೆಯನ್ನು ಧರಿಸೆಂದು ಅವಳನ್ನು ಕೇಳಿತಂತೆ. ಸದಸ್ಯತ್ವವನ್ನು ಮಾತ್ರ ಕೊಡಲು ಒಪ್ಪಲಿಲ್ಲವಂತೆ. ಅವಳು ಬಿಲ್ಲೆಯನ್ನು ನಿರಾಕರಿಸಿ, ಗೆಳತಿಯರೊಡನೆ 1870ರಲ್ಲಿ ತಮ್ಮದೇ ಸಂಘವನ್ನು ಕಟ್ಟಿದಳು. ಅದೇ ಕಪ್ಪಾ ಆಲ್ಫಾ ಥೀಟಾ. ಹೀಗೆ, ಒಳಗೆ ಬಿಡದವರ ಎದುರಿಗೆ ಹೊರಗುಳಿದವರು ಕಟ್ಟಿಕೊಂಡ ಮನೆ ಇದು ಎಂಬುದನ್ನು ಮೊದಲು ನೆನಪಿಡಬೇಕು.

ಮನೆ ಕಟ್ಟಿದ ಮೇಲೆ ಅದಕ್ಕೂ ಬಾಗಿಲು ಬಂತು. ಸಂಘಗಳು ಹಲವಾದವು, ಹೊಸ ವಿದ್ಯಾರ್ಥಿನಿಯರಿಗಾಗಿ ಅವುಗಳಲ್ಲಿ ಪೈಪೋಟಿ ಬೆಳೆಯಿತು. ಅದನ್ನು ಒಂದು ನಿಯಮಕ್ಕೆ ತರಲು 1902ರಲ್ಲಿ ಒಕ್ಕೂಟವೊಂದು ಹುಟ್ಟಿತು. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಆ ಒಕ್ಕೂಟದಲ್ಲಿ ಇಂದು 26 ಸಂಘಗಳಿವೆ.

ಆಯ್ಕೆ ನಡೆಯುವ ಬಗೆಯನ್ನು ನೋಡೋಣ. ಟಸ್ಕಲೂಸಾ ನಗರದಲ್ಲಿರುವ ಅಲಬಾಮಾ ವಿಶ್ವವಿದ್ಯಾನಿಲಯದಂಥ ದಕ್ಷಿಣದ ದೊಡ್ಡ ವಿದ್ಯಾಕೇಂದ್ರದಲ್ಲಿ ಪಾಠಗಳು ಆರಂಭವಾಗುವ ಮುನ್ನವೇ, ಆಗಸ್ಟ್ ತಿಂಗಳಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು ಇದಕ್ಕಾಗಿ ಬಂದು ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲ ಸಂಘಗಳ ಪರಿಚಯ. ಮುಂದಿನ ಸುತ್ತುಗಳಲ್ಲಿ ಅವುಗಳ ಸೇವಾಕಾರ್ಯ ಮತ್ತು ಸಹಜೀವನದ ವಿವರ. ಕೊನೆಯ ಸುತ್ತಿನಲ್ಲಿ ಎರಡು ಮನೆಗಳಲ್ಲಿ ಗಂಭೀರವಾದ ಭೇಟಿ. ಒಂದೊಂದು ಭೇಟಿಯೂ ಕೆಲವೇ ನಿಮಿಷಗಳದು. ಸದಸ್ಯೆಯೊಬ್ಬಳು ಬಾಗಿಲಲ್ಲಿ ಎದುರುಗೊಂಡು ಒಳಗೆ ಕರೆದೊಯ್ದು ಊರು, ಓದು, ಹವ್ಯಾಸಗಳನ್ನು ವಿಚಾರಿಸುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬಳು ಬಂದು ಮಾತನ್ನು ಮುಂದುವರಿಸುತ್ತಾಳೆ. ಭೇಟಿ ಮುಗಿದ ಮೇಲೆ ಒಳಗಿನವರು ಹುಡುಗಿಯರನ್ನು ಶ್ರೇಣೀಕರಿಸುತ್ತಾರೆ. ಹುಡುಗಿಯರು ಸಂಘಗಳನ್ನು ಶ್ರೇಣೀಕರಿಸುತ್ತಾರೆ. ಈ ಎರಡು ಪಟ್ಟಿಗಳನ್ನೂ ಗಣಕಯಂತ್ರ ಹೋಲಿಸಿ, ಮುಂದಿನ ಸುತ್ತಿಗೆ ಯಾರು ಯಾವ ಮನೆಗಳಿಗೆ ಹೋಗಬೇಕೆಂದು ತಿಳಿಸುತ್ತದೆ. ಕಡೆಗೆ ‘ಬಿಡ್ ಡೇ’ ಎಂಬ ದಿನ ಕೈಗೊಂದು ಲಕೋಟೆ ಬರುತ್ತದೆ. ಅದರಲ್ಲಿರುವುದೇ ಮುಂದಿನ ಮನೆಯ ಹೆಸರು. ದಕ್ಷಿಣದ ಇಂಥ ಸಂಘಗಳಲ್ಲಿ ಸದಸ್ಯತ್ವದ ಶುಲ್ಕವೂ ವರ್ಷಕ್ಕೆ ಸಾವಿರಾರು ಡಾಲರ್.

ಇದನ್ನು ಅವರು ‘ಪರಸ್ಪರ ಆಯ್ಕೆ’ ಎನ್ನುತ್ತಾರೆ. ಪರಸ್ಪರತೆ ನಿಜವಾಗಿ ಎಷ್ಟಿದೆ? ಈ ಪ್ರಶ್ನೆಯನ್ನು ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಸೂಸನ್ ಮಾಂಗೆಲ್ ಅವರೊಡನೆ 1991ರ ಪ್ರಬಂಧವೊಂದರಲ್ಲಿ ಕೈಗೆತ್ತಿಕೊಂಡರು. ಎರಡು ಪಕ್ಷಗಳನ್ನು ಹೊಂದಿಸುವ ಸಮಸ್ಯೆಗಳ ಅಧ್ಯಯನಕ್ಕಾಗಿ 2012ರಲ್ಲಿ ಲಾಯ್ಡ್ ಶೇಪ್ಲಿಯವರೊಡನೆ ನೊಬೆಲ್ ಪ್ರಶಸ್ತಿ ಪಡೆದ ವಿದ್ವಾಂಸರು ಈ ರಾತ್. ಅವರಿಬ್ಬರೂ ಕಂಡದ್ದು ಇದು: ಅನೇಕ ಹುಡುಗಿಯರು ಕೊನೆಯ ಪಟ್ಟಿಯಲ್ಲಿ ಒಂದೇ ಸಂಘದ ಹೆಸರನ್ನು ಬರೆಯುತ್ತಿದ್ದರು. ಎರಡನೆಯ ಹೆಸರನ್ನೂ ಬರೆದರೆ, ಮನಸ್ಸಿಲ್ಲದ ಮನೆಗೆ ಕಟ್ಟುಬೀಳಬೇಕಾದೀತು. ಸಹಿ ಹಾಕಿದ ಕರಾರಿನ ಬಲ ಸುಮಾರು ಒಂದು ವರ್ಷ. ಒಂದನ್ನೇ ಬರೆದರೆ ಕೈ ಬರಿದಾಗುವ ಭಯವುಂಟು. ಆದುದರಿಂದ ಹುಡುಗಿ ಬರೆಯುವುದು ತನ್ನ ಮನಸ್ಸಿನಲ್ಲಿರುವ ಪೂರ್ಣ ಪಟ್ಟಿಯನ್ನಲ್ಲ, ಆಸೆ ಮತ್ತು ಭಯಗಳ ನಡುವೆ ಮಾಡಿಕೊಂಡ ಲೆಕ್ಕವನ್ನು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ನಿರಾಕರಣೆಗೆ ಕಾರಣವನ್ನು ಯಾರೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಎಲ್ಲಿ ತಪ್ಪಿದೆವೆಂದು ತಿಳಿಯಬಹುದು. ಇಲ್ಲಿ ಮರುದಿನದ ಪಟ್ಟಿಯಲ್ಲಿ ಆ ಮನೆಯ ಹೆಸರು ಇರುವುದಿಲ್ಲ, ಅಷ್ಟೆ. ಹೇಳದ ಕಾರಣದ ಹಿಂದೆ ಏನು ಬೇಕಾದರೂ ಅಡಗಿರಬಹುದು. ಅಲಬಾಮಾ ವಿಶ್ವವಿದ್ಯಾನಿಲಯ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1963ರಲ್ಲಿ. ಅದಾಗಿ ಐವತ್ತು ವರ್ಷಗಳ ಮೇಲೆ, 2013ರಲ್ಲಿ, ಎಲ್ಲ ಅರ್ಹತೆಗಳಿದ್ದ ಕಪ್ಪು ಯುವತಿಯರನ್ನು ಬಹುತೇಕ ಬಿಳಿಯರದೇ ಆಗಿದ್ದ ಸಂಘಗಳು ಕೈಬಿಟ್ಟವೆಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ದಿ ಕ್ರಿಮ್ಸನ್ ವೈಟ್’ ಬಯಲಿಗೆಳೆಯಿತು. ಹಳೆಯ ಸದಸ್ಯೆಯರ ಒತ್ತಡವೇ ಅದಕ್ಕೆ ಕಾರಣವೆಂದು ಹೇಳಿದವರು ಸಂಘದೊಳಗಿನ ಯುವತಿಯರು. ದೊಡ್ಡ ಗದ್ದಲವಾಯಿತು, ವಿಶ್ವವಿದ್ಯಾನಿಲಯ ಮಧ್ಯೆ ಬಂದ ಮೇಲೆ ಬಾಗಿಲು ತೆರೆಯಿತು. ಹೊರಗಿನವಳೊಬ್ಬಳು ಬಿಲ್ಲೆ ನಿರಾಕರಿಸಿ ಆರಂಭಿಸಿದ ಪರಂಪರೆ ಇಲ್ಲಿಗೆ ಬಂದು ಮುಟ್ಟಿತ್ತು.

ಬಾಗಿಲು ಮುಚ್ಚಿದಾಗಲೆಲ್ಲ ಹೊಸ ಮನೆ ಎದ್ದದ್ದೂ ಉಂಟು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಸಂಘವನ್ನು ಕಟ್ಟಿದರು. ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಅದರ ಸದಸ್ಯೆ. ಅಲ್ಲಿಯೇ 1913ರಲ್ಲಿ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಯುವತಿಯರು ಅದೇ ವರ್ಷ ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. 1909ರಲ್ಲಿ ನ್ಯೂಯಾರ್ಕಿನಲ್ಲಿ ಯೆಹೂದಿ ಯುವತಿಯರು ತಮ್ಮ ಸಂಘವನ್ನು ಮಾಡಿಕೊಂಡರು. 1998ರಲ್ಲಿ ಟೆಕ್ಸಾಸ್ ಮತ್ತು ನ್ಯೂಯಾರ್ಕ್ ರಾಜ್ಯಗಳಲ್ಲಿ ಭಾರತ ಮತ್ತು ನೆರೆನಾಡುಗಳ ಮೂಲದ ವಿದ್ಯಾರ್ಥಿನಿಯರೂ ಹಾಗೆಯೇ ಮಾಡಿದರು.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಯ ಹುಡುಗಿಗೂ ಹದಿನೆಂಟರ ವಯಸ್ಸಿನಲ್ಲಿ ಈ ಬಾಗಿಲುಗಳು ಎದುರಾಗುತ್ತವೆ. ಅವಳ ಆಸೆಯನ್ನು ಹಗುರವಾಗಿ ಕಾಣಬಾರದು. ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳ ನಡುವೆ ತನ್ನ ಹೆಸರು ಹಿಡಿದು ಕರೆಯುವವರು ಬೇಕೆಂಬುದು ಸಹಜವಾದ ಹಂಬಲ. ಆ ಮನೆಗಳಲ್ಲಿ ಬಾಳಿನುದ್ದಕ್ಕೂ ಉಳಿಯುವ ಸ್ನೇಹಗಳು ಬೆಳೆದಿವೆ ಎಂಬುದೂ ದಿಟ. ಆದರೆ ಒಂದು ವಾರದ, ಕೆಲವು ನಿಮಿಷಗಳ ಮಾತು ತೂಗಬಲ್ಲದ್ದು ಉಡುಗೆ, ನಡೆ, ಮಾತಿನ ಚುರುಕು, ಹಿಂದಿನ ಪರಿಚಯ ಇವನ್ನು ಮಾತ್ರ. ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂರುವ ಗುಣವನ್ನು ಅದು ತೂಗಲಾರದು. ಅಕ್ಕತಂಗಿಯರಿಗೆ ಬೇಕಾದದ್ದಾದರೋ ಅದು. ಆ ಲಕೋಟೆಯಲ್ಲಿ ತನ್ನ ಮೆಚ್ಚಿನ ಹೆಸರು ಬಾರದ ಹುಡುಗಿಗೆ ಅವಳ ತಾಯಿ ಹೇಳಬೇಕಾದದ್ದೂ ಇಷ್ಟೇ: ಅವರು ನಿನ್ನನ್ನು ಬೇಡವೆನ್ನಲಿಲ್ಲ, ನಿನ್ನನ್ನು ಅವರಿನ್ನೂ ನೋಡಿಯೇ ಇರಲಿಲ್ಲ.