ಮಾರುತ: ಎಂಜಿನ್‌ಗಾಗಿ ಕಾದ ವಿಮಾನ

ಭಾರತದಲ್ಲಿ ವಿನ್ಯಾಸಗೊಂಡು ನಿರ್ಮಾಣವಾದ ಮೊದಲ ಜೆಟ್ ಯುದ್ಧ ವಿಮಾನ ಎಚ್.ಎಫ್.-24 ಮಾರುತ. ಶಬ್ದದ ಎರಡು ಪಟ್ಟು ವೇಗವನ್ನು ಮುಟ್ಟಬಲ್ಲ ವಿಮಾನವನ್ನು ರೂಪಿಸುವುದು ಮೂಲ ಉದ್ದೇಶವಾಗಿತ್ತು. ಇದಕ್ಕಾಗಿ ಜರ್ಮನಿಯ ಹೆಸರಾಂತ ವಿಮಾನ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರನ್ನು 1956ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬರಮಾಡಿಕೊಳ್ಳಲಾಯಿತು.

ಟರ್ಬೋಜೆಟ್ ಎಂಜಿನ್ ಮುಂಭಾಗದಿಂದ ಗಾಳಿಯನ್ನು ಸೆಳೆದು ಒತ್ತಡಕ್ಕೆ ಒಳಪಡಿಸುತ್ತದೆ. ಆ ಗಾಳಿಯಲ್ಲಿ ಇಂಧನ ಉರಿದಾಗ ಉಂಟಾಗುವ ಬಿಸಿ ಅನಿಲವು ಟರ್ಬೈನನ್ನು ತಿರುಗಿಸಿ, ಹಿಂಭಾಗದಿಂದ ರಭಸವಾಗಿ ಹೊರನುಗ್ಗುತ್ತದೆ. ಇದರಿಂದ ವಿಮಾನ ಮುನ್ನುಗ್ಗುತ್ತದೆ. ಆದರೆ ವೇಗವು ಶಬ್ದವೇಗವನ್ನು ಸಮೀಪಿಸಿದಂತೆ ಗಾಳಿಯ ತಡೆ ಥಟ್ಟನೆ ಹೆಚ್ಚುತ್ತದೆ. ಈ ತಡೆಯನ್ನು ತಗ್ಗಿಸಲು ಮಾರುತಕ್ಕೆ ಹಿಂದಕ್ಕೆ ಬಾಗಿದ ತೆಳು ರೆಕ್ಕೆಗಳನ್ನು ನೀಡಲಾಯಿತು. ರೆಕ್ಕೆಗಳು ಸೇರುವಲ್ಲಿ ಒಡಲನ್ನು ಸೊಂಟದಂತೆ ಕಿರಿದುಗೊಳಿಸಲಾಯಿತು.

1959ರಲ್ಲಿ ಪೂರ್ಣ ಗಾತ್ರದ, ಎಂಜಿನ್‌ರಹಿತ ಮರದ ಮಾದರಿಯನ್ನು ಇನ್ನೊಂದು ವಿಮಾನದಿಂದ ಎಳೆದೊಯ್ದು ಹಾರಿಸಿ ವಿನ್ಯಾಸವನ್ನು ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮೊದಲ ಮಾರುತವನ್ನು ಹಾರಿಸಿದರು.

ಒಡಲು ಸಿದ್ಧವಾಯಿತು, ತಕ್ಕ ಎಂಜಿನ್ ಮಾತ್ರ ದೊರೆಯಲಿಲ್ಲ. ವಿನ್ಯಾಸಕಾರರು ನೆಚ್ಚಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ನಿನ ಅಭಿವೃದ್ಧಿ ಹಣದ ಅಭಾವದಿಂದ ನಿಂತುಹೋಯಿತು. ಅದಕ್ಕಿಂತ ಬಹಳ ದುರ್ಬಲವಾದ, ತಲಾ ಸುಮಾರು 2,200 ಕಿಲೋಗ್ರಾಂ ನೂಕುಬಲದ ಎರಡು ಆರ್ಫಿಯಸ್-703 ಎಂಜಿನ್‌ಗಳನ್ನೇ ಅಳವಡಿಸಬೇಕಾಯಿತು. ಪರಿಣಾಮವಾಗಿ ಮಾರುತದ ವೇಗ ಶಬ್ದವೇಗದ ಆಸುಪಾಸಿನಲ್ಲೇ ಉಳಿಯಿತು. ಈಜಿಪ್ಟಿನಲ್ಲಿ ಬೇರೊಂದು ಎಂಜಿನ್ನಿನೊಡನೆ ನಡೆದ ಪ್ರಯೋಗವೂ ಫಲಿಸಲಿಲ್ಲ. ಹೊರಬರುವ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆಯಿದ್ದ ಮಾರುತವನ್ನು 1970ರ ಜನವರಿ 10ರಂದು ಪರೀಕ್ಷಿಸುವಾಗ ಅಪಘಾತ ಸಂಭವಿಸಿ, ಸುರಂಜನ್ ದಾಸ್ ಅಸುನೀಗಿದರು. ಬೆಂಗಳೂರಿನ ಎಚ್.ಎ.ಎಲ್. ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಆದರೂ ವಿನ್ಯಾಸ ವ್ಯರ್ಥವಾಗಲಿಲ್ಲ. ತಗ್ಗಿನಲ್ಲಿ ಹಾರಿ ನೆಲದ ಗುರಿಗಳ ಮೇಲೆ ದಾಳಿ ನಡೆಸಲು ಮಾರುತ ಯೋಗ್ಯವೆನಿಸಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಸೇವೆ ಸಲ್ಲಿಸಿದ ಈ ವಿಮಾನಗಳು, ಒಂದು ಎಂಜಿನ್ ಕೆಟ್ಟಾಗಲೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ನಿದರ್ಶನಗಳುಂಟು. ಒಟ್ಟು 147 ಮಾರುತಗಳು ನಿರ್ಮಾಣಗೊಂಡವು. 1990ರ ವೇಳೆಗೆ ಅವು ಸೇವೆಯಿಂದ ನಿವೃತ್ತವಾದವು.

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮಾರುತವೊಂದನ್ನು ಕಾಣಬಹುದು. ಒಡಲಿನ ವಿನ್ಯಾಸ ಎಷ್ಟೇ ಶ್ರೇಷ್ಠವಾಗಿದ್ದರೂ ಎಂಜಿನ್ನಿಗಾಗಿ ಪರರನ್ನು ಅವಲಂಬಿಸಿದರೆ ವಿಮಾನದ ಸಾಮರ್ಥ್ಯಕ್ಕೆ ಮಿತಿ ತಪ್ಪದು ಎಂಬ ಪಾಠವನ್ನು ಅದು ಇಂದಿಗೂ ನೆನಪಿಸುತ್ತದೆ.